ಲಿಯು ಡಾಕ್ಟರ ತಾಲ್ಲೂಕು

ಮಲೆಬೆನ್ನೂರಿನಲ್ಲಿ ಬಸ್ಸಿಳಿದು ಎಡಕ್ಕೆ ಹೊರಳಿದರೆ ಮೊದಲು ಗೊಬ್ಬರದ ಅಂಗಡಿ, ಅದರ ಪಕ್ಕ ಟ್ರ್ಯಾಕ್ಟರ್ ರಿಪೇರಿ, ಆಮೇಲೆ ಚಹದಂಗಡಿ. ಚಹದಂಗಡಿಯ ಬೆಂಚಿಗೆ ಒಂದು ಕಾಲು ಗಿಡ್ಡ, ಹುಷಾರಾಗಿ ಕೂಡಬೇಕು. ಇಷ್ಟನ್ನೂ ನನಗೆ ಹೇಳಿಕೊಟ್ಟ ಮನುಷ್ಯ ಮಲೆಬೆನ್ನೂರನ್ನು ಕಣ್ಣಿಂದ ಕಂಡಿರಲಿಲ್ಲ. ನಾನು ಅದೇ ಹರಿಹರ ತಾಲ್ಲೂಕಿನ ಭಾನುವಳ್ಳಿಯವನು, ದಾವಣಗೆರೆಯ ಸರ್ಕಾರಿ ಹೈಸ್ಕೂಲಿನಲ್ಲಿ ಸಂಬಳ ಎಣಿಸಿಕೊಂಡು ಭೂಗೋಳ ಹೇಳುತ್ತಿದ್ದವನು. ಬೆಂಚಿನ ಕಾಲಿನ ವಿಷಯ ನನಗೆ ಗೊತ್ತಿರಲಿಲ್ಲ.

ಅವರು ಲಿಯು ಡಾಕ್ಟರು. ದಾವಣಗೆರೆಯ ಬಜಾರಿನ ಒಂದು ಮಹಡಿಯ ಮೇಲೆ ಅವರ ಹಲ್ಲಿನ ಅಂಗಡಿ. ಆಸ್ಪತ್ರೆ ಅಂತ ಅವರೂ ಕರೆಯುತ್ತಿರಲಿಲ್ಲ. ಕೆಳಗೆ ರಹೀಮ್ ಸಾಬರ ಟೈಲರ್ ಅಂಗಡಿ. ಮಹಡಿಯ ಬೋರ್ಡಿನಲ್ಲಿ ಮುಖವಿಲ್ಲದ ಎರಡು ಸಾಲು ಹಲ್ಲು ನಗುತ್ತಿದ್ದವು. ಕೆಳಗೆ ‘ಡೆಂಟಿಸ್ಟ್’ ಎಂಬ ಅಕ್ಷರ, ಅದಕ್ಕೆ ಮೊದಲು ಒಂದು ಪದದಷ್ಟು ಖಾಲಿ ಜಾಗ, ಹಲ್ಲು ಬಿದ್ದ ವಸಡಿನ ಹಾಗೆ. ಅಲ್ಲಿ ಹಿಂದೆ ‘ಚೈನೀಸ್’ ಅಂತ ಇತ್ತಂತೆ. ಅರವತ್ತೆರಡರ ಯುದ್ಧದ ದಿನಗಳಲ್ಲಿ ಯಾರೋ ಮಹಡಿಗೆ ಕಲ್ಲು ತೂರಿದರು. ಮರುದಿನ ಡಾಕ್ಟರೇ ಏಣಿ ಹತ್ತಿ ಆ ಪದವನ್ನು ಕೆರೆದು ತೆಗೆದರು.

“ಏಣಿ ನಾನೇ ಹಿಡ್ಕಂಡಿದ್ದೆ ಸಾರ್,” ಎನ್ನುತ್ತಿದ್ದರು ರಹೀಮ್ ಸಾಬರು. “ಏನ್ ಫಾಯ್ದಾ? ಬೋರ್ಡ್ ಕೆರೀಬೌದು, ಮಕ ಕೆರ್ಯಾಕ ಆಕ್ಕೈತಾ?”

ಚೀನಾವನ್ನು ಡಾಕ್ಟರೂ ನನ್ನ ಹಾಗೆ ನಕಾಶೆಯಲ್ಲೇ ನೋಡಿದ್ದರು. ಹುಟ್ಟಿದ್ದು ಕಲಕತ್ತೆಯಲ್ಲಿ. ಹಲ್ಲು ಕಟ್ಟುವುದು ಅಪ್ಪನಿಂದ ಬಂದ ಕಸುಬು. ಅಣ್ಣತಮ್ಮಂದಿರು ಒಬ್ಬೊಬ್ಬರು ಒಂದೊಂದು ಊರು ಹಿಡಿದಾಗ ಇವರ ಪಾಲಿಗೆ ದಾವಣಗೆರೆ ಬಂತು. ಅಸ್ಸಾಮಿಗೆ ಹೋಗಿದ್ದ ಅಣ್ಣನನ್ನು ಯುದ್ಧದ ಹೊತ್ತಿಗೆ ಹೆಂಡತಿ ಮಕ್ಕಳ ಸಮೇತ ರೈಲು ಹತ್ತಿಸಿ ರಾಜಸ್ಥಾನದ ಶಿಬಿರಕ್ಕೆ ಸಾಗಿಸಿದರು. ಇವರನ್ನು ಎಲ್ಲಿಗೂ ಸಾಗಿಸಲಿಲ್ಲ, ಎಲ್ಲಿಗೂ ಹೋಗದ ಹಾಗೆ ಮಾಡಿದರು. ದಫ್ತರದಲ್ಲಿ ಅವರು ಪರದೇಶದವರು. ಅಪ್ಪಣೆಯಿಲ್ಲದೆ ಮುನಿಸಿಪಾಲಿಟಿಯ ಎಲ್ಲೆ ದಾಟುವ ಹಾಗಿಲ್ಲ. ತಿಂಗಳಿಗೊಮ್ಮೆ ಠಾಣೆಗೆ ಹೋಗಿ ರುಜು ಹಾಕಬೇಕು. ನಾನು ಅವರನ್ನು ಕಂಡದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಯುದ್ಧ ಜನರಿಗೆ ಮರೆತುಹೋಗಿತ್ತು, ಕಾಗದಕ್ಕೆ ಮರೆತಿರಲಿಲ್ಲ. ಹರಿಹರಕ್ಕೆ ಗಳಿಗೆಗೊಂದು ಬಸ್ಸು ಇವರ ಕಿಟಕಿಯ ಕೆಳಗೇ ಹಾದುಹೋಗುತ್ತಿತ್ತು.

ಠಾಣೆಯ ದಫೇದಾರರು ರುಜು ಹಾಕಿಸಿಕೊಳ್ಳುತ್ತಾ, “ಏನ್ ಡಾಕ್ಟ್ರೇ, ಇನ್ನೂ ಓಡಿ ಹೋಗಿಲ್ಲೇನ್ರಿ?” ಎಂದು ಚೇಷ್ಟೆ ಮಾಡುತ್ತಿದ್ದರಂತೆ.

“ಹೆಂಗ್ ಓಡ್ಲಿ ಸಾಹೇಬ್ರ? ನಿಮ್ ಹಲ್ಲಿನ ಸೆಟ್ ಅರ್ಧ ಆಗೈತಲ್ರಿ!”

ತಾವು ಊರುಗಳಿಗೆ ಹೋಗುವಂತಿಲ್ಲವಾದ್ದರಿಂದ ಊರುಗಳನ್ನೇ ಬರಮಾಡಿಕೊಳ್ಳುತ್ತಿದ್ದರು. ನಾನು ಮೊದಲ ಸಲ ಹಲ್ಲು ಕೀಳಿಸಲು ಕುರ್ಚಿಯಲ್ಲಿ ಕೂತಾಗ ನಂಜಾಗುತ್ತದೆಯೇ, ಕಣ್ಣಿನ ನರಕ್ಕೆ ತಗಲುತ್ತದೆಯೇ, ಇದರಿಂದ ಯಾರಾದರೂ ಸತ್ತದ್ದುಂಟೇ ಎಂದು ಒಂದೇ ಉಸಿರಿಗೆ ಕೇಳಿದೆ.

“ನನ್ ಕುರ್ಚಿಯಾಗ ಯಾರೂ ಸತ್ತಿಲ್ರಿ ಮೇಷ್ಟ್ರೇ. ನೀವೇ ಮೊದಲ್ನೇರು ಆಗಬ್ಯಾಡ್ರಿ. ಈಗ ಊರು ಹೇಳ್ರಿ. ಬಸ್ ಇಳದ ಕೂಡ್ಲೆ ಏನ್ ಕಾಣ್ತೈತೆ?”

ಇಂಜೆಕ್ಷನ್ನಿಗೆ ದವಡೆ ಜೋಮು ಹಿಡಿಯುವತನಕ ಎಲ್ಲರಿಗೂ ಇದೇ ಪ್ರಶ್ನೆ. ನೋವಿದ್ದವರು ಬಣ್ಣ ಕಟ್ಟುವುದಿಲ್ಲ ಎಂದು ಅವರ ನಂಬಿಕೆ. ನಾನು ಮಾತ್ರ ಹೆದರಿಕೆಯಲ್ಲಿ ಬಣ್ಣ ಕಟ್ಟಿದೆ. ಕಾಲುವೆ ದಾಟಿದರೆ ನಮ್ಮ ಮನೆ, ಮನೆ ಮುಂದೆ ನಾಲ್ಕು ಜನ ತಬ್ಬಬೇಕಾದಂಥ ಹುಣಸೆ ಮರ, ಅದರ ಕೆಳಗೆ ಹತ್ತು ಮಂದಿ ಕೂರುವ ಕಲ್ಲುಕಟ್ಟೆ ಎಂದೆ. ಮರ ನನ್ನ ಬಾಲ್ಯದಲ್ಲೇ ಉರುಳಿತ್ತು. ಡಾಕ್ಟರು ಕಣ್ಣು ಮುಚ್ಚಿ ಕೇಳಿ, “ನೆಳ್ಳು ಬಾಗ್ಲಿಗೆ ಬರ್ತೈತೋ ಬೀದಿಗೋ?” ಎಂದರು. ಬಾಗಿಲಿಗೆ ಎಂದೆ. ಅಷ್ಟರಲ್ಲಿ ಹಲ್ಲು ತಟ್ಟೆಯಲ್ಲಿತ್ತು.

ಊರಂಚಿನ ನಿಟ್ಟುವಳ್ಳಿ ಮುನಿಸಿಪಾಲಿಟಿಗೆ ಸೇರಿದ ಸುದ್ದಿ ಬಂದ ದಿನ ಅಲ್ಲಿಯವರೆಲ್ಲ ಕಂದಾಯ ಏರುತ್ತದೆಂದು ಗೊಣಗುತ್ತಿದ್ದರು. ಡಾಕ್ಟರು ಮಾತ್ರ ಇಸ್ತ್ರಿ ಅಂಗಿ ತೊಟ್ಟು ರಹೀಮ್ ಸಾಬರ ಅಂಗಡಿಗೆ ಖಾರ ಮಂಡಕ್ಕಿ, ಮಿರ್ಚಿ ತರಿಸಿದರು.

“ಏನ್ ವಿಶೇಷ ಡಾಕ್ಟ್ರೇ?”

“ನನ್ ದೇಶ ದೊಡ್ಡದಾತ್ರಿ ಮೇಷ್ಟ್ರೇ! ಇವತ್ತಿಂದ ನಿಟ್ಟುವಳ್ಳಿ ಗುಡಿತನಕ ನಡೀಬೌದು.”

ನಡೆದೇಬಿಟ್ಟರು, ನಾನೂ ರಹೀಮ್ ಸಾಬರೂ ಜೊತೆಗೆ. ಗುಡಿಯ ಆಚೆ ಕೊನೆಯ ಮನೆಯ ಮುಂದೆ ನಿಂತು, ಅಲ್ಲಿ ಕೂತಿದ್ದ ಹೆಂಗಸಿಗೆ, “ತಾಯಿ, ನಿಮ್ದು ಯಾವೂರು?” ಎಂದರು. “ಇದೇ ಊರು, ಇನ್ಯಾವ್ದು?” ಎಂದಳು ಆಕೆ. “ನನ್ದೂ,” ಎಂದು ಡಾಕ್ಟರು ಹಿಂದೆ ತಿರುಗಿದರು. ಬರುವಾಗ ಅಣ್ಣನ ಕತೆ ಹೇಳಿದ್ದು, ಕೇಳದೆಯೇ.

ಒಂದು ದಿನ ನಾಗರಿಕತ್ವದ ಅರ್ಜಿ ತಂದು ತೋರಿಸಿದರು. ಅದು ಮಂಜೂರಾದರೆ ಠಾಣೆಯ ರುಜು ತಪ್ಪುತ್ತದೆ, ಎಲ್ಲೆ ಅಳಿಯುತ್ತದೆ. ಈ ಮನುಷ್ಯನನ್ನು ಇಷ್ಟು ವರ್ಷದಿಂದ ಬಲ್ಲೆ, ನಡತೆ ಒಳ್ಳೆಯದು ಎಂದು ಊರಿನ ಇಬ್ಬರು ಬರೆದು ಕೊಡಬೇಕು. ರಹೀಮ್ ಸಾಬರು ಹೊಲಿಗೆ ಮಿಷನ್ ಬಿಟ್ಟು ಏಳದೆಯೇ ರುಜು ಹಾಕಿದ್ದರು. ಇನ್ನೊಂದು ಹಾಳೆ ನನ್ನದು. “ಸರ್ಕಾರಿ ಮೇಷ್ಟ್ರ ರುಜು ಅಂದ್ರ ತೂಕ ಐತೆ,” ಎಂದರು.

ಓದಿ ಕೊಡುತ್ತೇನೆ ಎಂದು ಮನೆಗೆ ತಂದೆ. ಎಂಟು ಸಾಲಿನ ಹಾಳೆಯನ್ನು ಒಂದೂವರೆ ತಿಂಗಳು ಓದಿದೆ. ನಾಳೆ ಮತ್ತೆ ಯುದ್ಧವಾದರೆ? ವಿಚಾರಣೆಗೆ ಕರೆದರೆ? ಬಡ್ತಿ? ಪಿಂಚಣಿ? ಆಗಿನ್ನೂ ನನಗೆ ಮೂವತ್ತೆರಡು. ಪಿಂಚಣಿಗೆ ಹೆದರುವ ವಯಸ್ಸೇ ಅಲ್ಲ. ಆದರೆ ಆ ವಿದ್ಯೆಯಲ್ಲಿ ನಾನು ಮೊದಲಿನಿಂದಲೂ ಮುಂದು. ಡಾಕ್ಟರ ಕಣ್ಣಿಗೆ ಬೀಳಬಾರದೆಂದು ಬಜಾರು ಬಿಟ್ಟು ಹಿಂದಿನ ಓಣಿಯಲ್ಲಿ ಶಾಲೆಗೆ ಹೋಗತೊಡಗಿದೆ.

ದೇವರಿಗೂ ತಮಾಷೆ ಗೊತ್ತು. ಆಗಲೇ ದವಡೆ ಹಲ್ಲಿನ ನೋವು ಎದ್ದಿತು. ನಾಲ್ಕು ದಿನ ಲವಂಗ ಕಚ್ಚಿದೆ. ಕೆನ್ನೆ ಬನ್ನಿನಂತೆ ಉಬ್ಬಿತು. “ಹಲ್ಲಿನ ಡಾಕ್ಟ್ರು ಸ್ನೇಹಿತ್ರು, ಇವ್ರು ನೋಡಿದ್ರ ಲವಂಗ!” ಎಂದು ಹೆಂಡತಿ ಬೈದಳು. ಕೊನೆಗೆ ಹಾಳೆಗೆ ರುಜು ಹಾಕಿ, ಜೇಬಿನಲ್ಲಿಟ್ಟುಕೊಂಡು ಹೋದೆ. ಹೆದರಿಕೆ ಹೋಗಿ ಹಾಕಿದ್ದಲ್ಲ, ನೋವು ಹೆದರಿಕೆಗಿಂತ ದೊಡ್ಡದಾಗಿ ಹಾಕಿದ್ದು.

ಡಾಕ್ಟರು ಅರ್ಜಿಯ ಮಾತೇ ಎತ್ತಲಿಲ್ಲ. ಊರಿನ ಪ್ರಶ್ನೆಯನ್ನೂ ಕೇಳಲಿಲ್ಲ. ಹಲ್ಲು ಕಿತ್ತು ಹತ್ತಿ ತುರುಕಿದರು. ಬಾಯಿ ತೆರೆಯಲಾಗದೆ ನಾನು ಹಾಳೆಯನ್ನು ಮುಂದೆ ಚಾಚಿದೆ.

“ಹತ್ತಿ ಕಚ್ಕಂಡಿರ್ರಿ, ಮಾತಾಡಬ್ಯಾಡ್ರಿ,” ಎಂದು ಹಾಳೆಯನ್ನು ಮಡಚಿ ನನ್ನ ಜೇಬಿಗೇ ಇಟ್ಟರು. “ಅದು ಆತ್ರಿ. ದಫೇದಾರ್ರು ಈ ವರ್ಷ ರಿಟೈರಾದ್ರಲ್ಲ, ಅವರೇ ಹಾಕಿದ್ರು. ಇಪ್ಪತ್ತು ವರ್ಷದಿಂದ ತಿಂಗಳ ತಿಂಗಳ ನೋಡೀನಿ, ನನ್ನಷ್ಟು ಯಾರಿಗೆ ಗೊತ್ತು ಅಂದ್ರು.”

ಇಪ್ಪತ್ತು ವರ್ಷ ಕಾವಲು ಕಾದವನಿಗಿದ್ದ ಧೈರ್ಯ, ಮಂಡಕ್ಕಿ ತಿಂದ ನನಗಿರಲಿಲ್ಲ.

ಮಂಜೂರಿಯ ಕಾಗದ ಬರಲು ಎರಡು ವರ್ಷ ಹಿಡಿಯಿತು. ಬಂದ ಮರುದಿನವೇ ಅಂಗಡಿಗೆ ಬೀಗ. ಹರಿಹರಕ್ಕೆ ಹೋಗಿ ಸೇತುವೆಯ ಮೇಲೆ ನಿಂತು ಹೊಳೆ ನೋಡಿ, ಅಲ್ಲಿಂದ ಬಸ್ಸು ಹಿಡಿದು ಭಾನುವಳ್ಳಿಗೆ ಹೋಗಿದ್ದರಂತೆ. ನನಗೆ ಹೇಳಿದ್ದು ಇಷ್ಟೇ:

“ಮೇಷ್ಟ್ರೇ, ಹುಣಸೆ ಮರ ಕಾಣ್ಲಿಲ್ಲಲ್ರಿ?”

“ಕಡ್ದುಬಿಟ್ರು ಡಾಕ್ಟ್ರೇ. ಮೊನ್ನೆ ಮೊನ್ನೆ.”

“ಹೌದೇನ್ರಿ,” ಎಂದು ಕನ್ನಡಕ ಒರೆಸಿಕೊಂಡರು. ಅದೇ ಕೊನೆಯ ಮಾತಾಯಿತು. ಬೇಸಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ಅವರು ಕಲಕತ್ತೆಗೆ, ಶಿಬಿರದಿಂದ ಬಿಡುಗಡೆಯಾಗಿ ಅಲ್ಲಿ ಹಾಸಿಗೆ ಹಿಡಿದಿದ್ದ ಅಣ್ಣನ ಹತ್ತಿರ ಹೋಗಿಬಿಟ್ಟಿದ್ದರು. ಬೋರ್ಡನ್ನು ರಹೀಮ್ ಸಾಬರು ಇಳಿಸಿ ಒಳಗಿಟ್ಟರು. ಆ ಖಾಲಿ ಜಾಗಕ್ಕೆ ಡಾಕ್ಟರು ಕೊನೆತನಕ ಬಣ್ಣ ಹಚ್ಚಿಸಲಿಲ್ಲ.

ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಅವ್ವ ಹೊಸ ಹಲ್ಲು ತೋರಿಸುತ್ತಾ ನಕ್ಕಳು. ಡಾಕ್ಟರು ಅವತ್ತು ಅಳತೆ ತಗೊಂಡು ಹೋಗಿ ಆಮೇಲೆ ಬಸ್ ಕಂಡಕ್ಟರ ಕೈಲಿ ಕಳಿಸಿದ್ದಂತೆ.

“ಪಾಪ, ಬಂದ ಕೂಡ್ಲೆ ಹುಣಸೆ ಮರ ಎಲ್ಲೈತೆ ಅಂದ್ರು ಕಣೋ. ಅದು ಬಿದ್ದು ಇಪ್ಪತ್ತೈದು ವರ್ಷ ಆತಲ್ಲಪ್ಪ ಅಂದೆ. ನಕ್ರು. ಆಮೇಲೆ, ನನ್ ಮಗ ಹೆಂಗದಾನ್ರಿ, ಒಳ್ಳೇನಾ ಅಂತ ಕೇಳ್ದೆ.”

“ಏನಂದ್ರು?”

“ಆರು ವರ್ಷದಿಂದ ಬಲ್ಲೆ ಅವ್ವಾ, ಒಳ್ಳೇರು. ಬೇಕಂದ್ರ ಬರ್ದು ರುಜು ಹಾಕಿ ಕೊಡ್ತೀನಿ ಅಂದ್ರು.” ಅವ್ವ ಚಕ್ಕುಲಿ ಕಡಿದಳು. “ಅಲ್ಲೋ, ಅದನ್ನ ಬರ್ದು ಯಾಕ ಕೊಡಬೇಕು?”