ಜಗದೇವಿ ಅಕ್ಕನ ಬಲಗೈ

ಜಗದೇವಿ ಅಕ್ಕ ಮೊದಲು ಹೊಡೆಯುತ್ತಿದ್ದರು, ಆಮೇಲೆ ಕಾರಣ ಹೇಳುತ್ತಿದ್ದರು. ಹತ್ತು ವರ್ಷ ಒಂದು ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೊ ಕತ್ತರಿಸಿದ ಬಲಗೈ ಅದು. ಕೆನ್ನೆಗೆ ಬಿದ್ದರೆ ಅರ್ಧ ದಿನ ಕಿವಿ ಗುಂಯ್ ಎನ್ನುತ್ತಿತ್ತು. ನನಗೆ ಚೆನ್ನಾಗಿ ಗೊತ್ತು, ಅವರ ಪಾಲುದಾರ ನಾನೇ.

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಲಾಡ್ಜೊಂದರ ಮೇಲಿನ ಕೋಣೆ ಹಿಡಿದು ನಾವಿಬ್ಬರೂ ಮದುವೆ ವಿಡಿಯೊ ಅಂಗಡಿ ತೆರೆದಿದ್ದೆವು. ದರ್ಗಾ ಸುತ್ತಲಿನ ರೋಜಾ ಬಡಾವಣೆಯ ಮುಸ್ಲಿಂ ಮದುವೆಗಳಲ್ಲಿ ಹೆಂಗಸರ ಭಾಗಕ್ಕೆ ಗಂಡಸು ಕ್ಯಾಮೆರಾ ಹಿಡಿದು ಹೋಗುವಂತಿಲ್ಲ. ಅಕ್ಕ ಇದ್ದುದರಿಂದಲೇ ನಮ್ಮ ಒಲೆ ಉರಿಯಿತು. ಅಲ್ಲೊಮ್ಮೆ ಪರದೆ ಸರಿಸಿ ಇಣುಕಿದವನ ಮೊಣಕಾಲಿಗೆ ಟ್ರೈಪಾಡಿನಿಂದ ಬಾರಿಸಿಬಿಟ್ಟರು. ನೋಡಿದರೆ ಅವನು ಆ ಮನೆಯ ಅಳಿಯ. ನಮ್ಮ ಕತೆ ಮುಗಿಯಿತು ಅಂದುಕೊಂಡೆ. ಹುಡುಗಿಯ ತಾಯಿ ಬಂದು ಅಕ್ಕನ ಕೈ ಹಿಡಿದು, "ನಮ್ಮ ಛೋಟಿ ಬೇಟಿ ಶಾದಿಗೂ ನೀವೇ ಬರಬೇಕ್ರಿ ಬಾಜಿ" ಅಂದರು.

ಇನ್ನೊಮ್ಮೆ ಮಂದಿಯೆಲ್ಲ ಅಕ್ಕಿಕಾಳು ಹಾಕುವ ಹೊತ್ತಿಗೆ ನಾನು ಬ್ಯಾಟರಿ ಹುಡುಕುತ್ತ ಕುಳಿತಿದ್ದೆ. ಎಲ್ಲರೆದುರೇ ಬಿತ್ತು ಕೆನ್ನೆಗೆ.

"ಬಿದ್ದ ಅಕ್ಕಿಕಾಳ ಆರಿಸಿ ಮತ್ತೊಮ್ಮಿ ಒಗೀಲಾಕ ಬರ್ತದೇನೋ, ಖೋಡಿ? ಹೊತ್ತಿಗಿ ಗುಂಡಿ ಒತ್ತಲಾರದ ಕೈ ಇದ್ದರೇನು, ಬಿಟ್ಟರೇನು?"

ಆ ಮಾತು ಕಮಲಾಪುರದ ಮದುವೆಯಲ್ಲಿ ನನ್ನ ಕುತ್ತಿಗೆಗೆ ಬಂತು. ಹುಡುಗಿ ಮಹಾಗಾಂವದವಳು. ಛತ್ರದಲ್ಲಿ ಮಂದಿ ನೋಡಲೆಂದು ದೊಡ್ಡ ಎಲ್‌ಇಡಿ ಪರದೆ ಹಾಕಿದ್ದೆವು. ವೇದಿಕೆಯ ಕ್ಯಾಮೆರಾ, ಒಳಕೋಣೆಯಲ್ಲಿ ಹುಡುಗಿಯ ಸಿಂಗಾರ ಹಿಡಿಯುತ್ತಿದ್ದ ಅಕ್ಕನ ಕ್ಯಾಮೆರಾ, ಎರಡರ ತಂತಿಗಳೂ ನನ್ನ ಮುಂದಿನ ಮಿಕ್ಸರಿಗೆ ಬರುತ್ತಿದ್ದವು. ನಾನು ಯಾವುದರ ಗುಂಡಿ ಒತ್ತಿದರೆ ಅದು ಪರದೆಗೆ ಹೋಗುತ್ತಿತ್ತು.

ಮುಹೂರ್ತಕ್ಕೆ ಅರ್ಧ ಗಂಟೆ ಇರುವಾಗ ಅಕ್ಕನ ಕ್ಯಾಮೆರಾ ತೋರಿಸುವ ನನ್ನ ಪುಟ್ಟ ಟಿವಿಯಲ್ಲಿ ಹುಡುಗಿಯ ಅಣ್ಣ ಕಾಣಿಸಿದ. "ನಾ ಒಲ್ಲೆ ಅಂತ ಮೊದಲೇ ಹೇಳೀನಿ," ಅಂದಳು ಹುಡುಗಿ. ಅವನು ಚಿಲಕ ಹಾಕಿ, ಅವಳ ಜಡೆಯನ್ನು ಮುಂಗೈಗೆ ಸುತ್ತಿಕೊಂಡು ತಲೆಯನ್ನು ಗೋಡೆಗೆ ಬಡಿದ. ಮತ್ತೆ ಬಡಿದ. ಹಣೆಯಿಂದ ರಕ್ತ ಇಳಿಯಿತು. ಅಕ್ಕ ಕ್ಯಾಮೆರಾವನ್ನು ಹುಡುಗಿಯಿಂದ ತಿರುಗಿಸಿ ಅವನ ಮುಖಕ್ಕೆ ಹಿಡಿದರು. ನನ್ನ ಹೆಡ್‌ಫೋನಿನಲ್ಲಿ ಅವರ ದನಿ ಬಂತು.

"ಶಿವ್ಯಾ, ಇದನ್ನ ಪರದಿಗಿ ಕೊಡು. ಮಂದಿ ನೋಡ್ಲಿ."

ನಾನು ಒತ್ತಲಿಲ್ಲ. ನನ್ನ ಸುತ್ತ ಕೂತಿದ್ದವರೆಲ್ಲ ಅವನ ಕಡೆಯವರೇ. ಒತ್ತಿದರೆ ನನ್ನನ್ನು ಇಲ್ಲೇ ತುಳಿದು ಹಾಕುತ್ತಾರೆ ಅನ್ನಿಸಿತು. ಸುಳ್ಳೇಕೆ ಹೇಳಲಿ, ಬೆರಳು ಗುಂಡಿಯ ಮೇಲೆಯೇ ಇತ್ತು.

"ಶಿವ್ಯಾ, ಕೊಡು. ಹೊಡಿಲಾಕತ್ತಾನ."

ಅವನು ಅಕ್ಕನ ಕಡೆ ತಿರುಗಿದ. ಕ್ಯಾಮೆರಾ ನೆಲಕ್ಕೆ ಬಿತ್ತು, ಆದರೆ ನಿಲ್ಲಲಿಲ್ಲ. ಅಡ್ಡಬಿದ್ದ ಚಿತ್ರದಲ್ಲಿ ಅಕ್ಕನ ಬಲಗೈ ಕಂಡಿತು. ಅವನು ಕಬ್ಬಿಣದ ಸ್ಟೂಲು ಎತ್ತಿ ಅದರ ಮೇಲೆ ಹೊಡೆದ. ಮೂರು ಸಲ ಹೊಡೆದ. ಆಗ ಒತ್ತಿದೆ.

ಛತ್ರಕ್ಕೆ ಛತ್ರವೇ ಪರದೆ ನೋಡಿತು: ಸ್ಟೂಲು ಹಿಡಿದ ಅಣ್ಣ, ಅವನ ಹಿಂದೆ ಹಣೆ ಒಡೆದ ಹುಡುಗಿ. ಸೌಂಡ್ ಬಾಕ್ಸಿನಲ್ಲಿ "ಒಲ್ಲೆ, ಒಲ್ಲೆ" ಎಂಬ ಹುಡುಗಿಯ ಕೂಗು. ಗಂಡಿನ ತಂದೆ ಎದ್ದು ಮಗನ ಹಣೆಯ ಬಾಸಿಂಗ ಬಿಚ್ಚಿದರು. "ಹೊಡದು ಕೊಡೋ ಹೆಣ್ಣ ನಮಗ ಬ್ಯಾಡ್ರಿ," ಅಂದರು. ಅಷ್ಟಕ್ಕೇ ಕುರ್ಚಿಗಳು ಹಾರಿದವು. ಪರದೆ ಚೂರಾಯಿತು, ನನ್ನ ಎರಡು ಹಲ್ಲು ಹೋದವು. ಗಂಡಿನ ಕಡೆಯವರು ಒಳಕೋಣೆಯ ಬಾಗಿಲು ಮುರಿದು ಹುಡುಗಿ, ಅಕ್ಕ ಇಬ್ಬರನ್ನೂ ಹೊರಗೆ ತಂದರು. ಪೊಲೀಸರು ಅಣ್ಣನನ್ನು ಎಳೆದೊಯ್ದರು. ಮದುವೆ ಆಗಲಿಲ್ಲ, ಹುಡುಗಿ ಬದುಕಿದಳು.

ಅಕ್ಕನ ಕೈ ಮತ್ತೆಂದೂ ಮುಷ್ಟಿ ಕಟ್ಟಲಿಲ್ಲ. "ಮಿಕ್ಸರ್ ಹ್ಯಾಂಗ್ ಆಗಿತ್ತು ಅಕ್ಕಾ, ಅದಕ್ಕ ತಡಾ ಆಯ್ತು," ಎಂದು ಆಸ್ಪತ್ರೆಯಲ್ಲಿ ಹೇಳಿದೆ. ಮುಂದೆ ಎರಡು ವರ್ಷ ಅವರು ಅಂಗಡಿಯಲ್ಲಿ ಎಡಗೈಯಲ್ಲಿ ಮೌಸ್ ಹಿಡಿದು ಎಡಿಟಿಂಗ್ ಮಾಡಿದರು. ನನಗೆ ಒಮ್ಮೆಯೂ ಹೊಡೆಯಲಿಲ್ಲ. ಅದನ್ನು ನನಗೆ ತಡೆದುಕೊಳ್ಳಲಾಗುತ್ತಿರಲಿಲ್ಲ.

ಕಿಡ್ನಿ ಕೆಟ್ಟು ಅವರು ಹಾಸಿಗೆ ಹಿಡಿದಾಗ ಮನೆಗೆ ಹೋಗಿ ಹೇಳಿಬಿಟ್ಟೆ. "ಮಿಕ್ಸರ್ ಹ್ಯಾಂಗ್ ಆಗಿರಲಿಲ್ಲ. ನಾನೇ ಅಂಜಿದ್ದೆ."

"ಗೊತ್ತದ. ಮಿಕ್ಸರಿನ ರೆಕಾರ್ಡಿಂಗ್ ನೋಡೀನಿ, ಅದು ಎಲ್ಲೂ ನಿಂತಿಲ್ಲ," ಅಂದರು. "ಹತ್ರ ಬಾ."

ಮುಖ ಬಗ್ಗಿಸಿದೆ. ಎಡಗೈಯಿಂದ ಬಲಗೈಯನ್ನು ಎತ್ತಿಕೊಂಡು ನನ್ನ ಕೆನ್ನೆಗೆ ಹೊಡೆದರು. ಸೊಟ್ಟ ಬೆರಳುಗಳು ಬಂದು ತಾಗಿದವು, ಅಷ್ಟೇ.

"ಪೆಟ್ಟ ಹತ್ತಿತೇನು?"

"ಹತ್ತ್ಯಾದ ಅಕ್ಕಾ."

"ಮತ್ತ ಸುಳ್ಳ ಹೇಳ್ತಿ," ಅಂದರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದೇ.