ಚಿನ್ನಿಗೊಂದು ಜೊತೆ

ಹಚ್ಚ್! ಹಾಸಿಗೆಯ ಕಾಲ್ದೆಸೆಯಿಂದ ಬಂದ ಆ ಪುಟ್ಟ ಸೀನು ಕೇಳಿ ಇಂದ್ರಮ್ಮನಿಗೆ ಸಮಾಧಾನವಾಯಿತು. ಚಿನ್ನಿಯ ಸೀನು ನಿಲ್ಲುವವರೆಗೆ ಹೊಸ ಮರಿಯನ್ನು ಹತ್ತಿರ ಬಿಡಕೂಡದೆಂದು ಬೆಕ್ಕಿನ ಡಾಕ್ಟರು ಹೇಳಿದ್ದರು.

ಸುಂಕದಕಟ್ಟೆಯ ಆ ಮನೆಯ ಮುಂಗೋಣೆಯಲ್ಲಿ ಕೂತು ಬೀದಿಯವರ ಸೀರೆಗಳಿಗೆ ಫಾಲ್ ಹೊಲಿಯುವ ಇಂದ್ರಮ್ಮ ಯಾರ ಹಂಗಿಗೂ ಬಿದ್ದವರಲ್ಲ. ಬಿದ್ದದ್ದು ಚಿನ್ನಿ ಎಂಬ ಈ ಬೂದು ಬೆಕ್ಕಿನ ಹಂಗಿಗೆ ಮಾತ್ರ. ನೆಗಡಿ ಎದೆಗಿಳಿದು ಅದು ಉಸಿರಿಗೆ ತಿಣುಕಿದಾಗ ಬಚ್ಚಲಲ್ಲಿ ಹಬೆ ತುಂಬಿಸಿ ಮಡಿಲಲ್ಲಿಟ್ಟುಕೊಂಡು ಕೂತವರು ಅವರು. ಮೂಗು ಕಟ್ಟಿ, ವಾಸನೆ ಹತ್ತದೆ ಅನ್ನ ಬಿಟ್ಟಾಗ ಮೀನಿನ ಮುಳ್ಳು ಬಿಡಿಸಿ ಬೆರಳಿನಿಂದ ನೆಕ್ಕಿಸಿದವರೂ ಅವರೇ. ಇನ್ನೇನು ಚೇತರಿಸಿಕೊಂಡಿತು ಅನ್ನುವಷ್ಟರಲ್ಲಿ ಸೊಸೆ ಮಾನಸ, ನಾಗರಬಾವಿಯ ಗೆಳತಿಯ ಮನೆಯಿಂದ ಕಂದು ಮರಿಯೊಂದನ್ನು ತಂದು ತನ್ನ ಕೋಣೆಯಲ್ಲಿ ಇಟ್ಟುಕೊಂಡಳು. ಚಿನ್ನಿಗೆ ಜೊತೆ ಬೇಕಂತೆ. ಹಾಗಾದರೆ ನಾನು ಯಾರು ಎಂದುಕೊಂಡರು ಇಂದ್ರಮ್ಮ.

ಕೊನೆಗೂ ಸೀನು ನಿಂತಿತು. ಮರಿ ಮಲಗಿದ್ದ ಬಟ್ಟೆಯನ್ನು ಮಾನಸ ತಂದುಕೊಟ್ಟು, ಇದನ್ನು ಚಿನ್ನಿಗೆ ಹಾಸಿ, ವಾಸನೆ ಪರಿಚಯವಾದರೆ ಜಗಳ ಆಡುವುದಿಲ್ಲ ಎಂದಳು. ಇಂದ್ರಮ್ಮ ಹೂಂಗುಟ್ಟಿದರು. ಅವಳು ಕೆಲಸಕ್ಕೆ ಹೋದ ಮೇಲೆ ಆ ಬಟ್ಟೆಯನ್ನು ಸೋಪು ಹಚ್ಚಿ, ಕುಕ್ಕಿ ಕುಕ್ಕಿ ಒಗೆದು, ಬಿಸಿಲಲ್ಲಿ ಒಣಗಿಸಿ ಹಾಸಿದರು. ಮರುದಿನದ ಬಟ್ಟೆಗೂ ಅದೇ ಗತಿಯಾಯಿತು. ಚಿನ್ನಿ ಬುಸುಗುಡಲಿ, ಎರಡು ಪರಚಲಿ, ಮರಿ ಬಂದ ದಾರಿ ಹಿಡಿಯಲಿ.

ಭಾನುವಾರ ಮಾನಸ ಕೋಣೆಯ ಬಾಗಿಲು ತೆರೆದಳು. ಇಂದ್ರಮ್ಮ ಕೈಯಲ್ಲಿದ್ದ ಸೂಜಿಯನ್ನು ಆಡಿಸದೆ ಕಾದರು. ಚಿನ್ನಿ ಮೆಲ್ಲಗೆ ಹೋಗಿ ಮರಿಯ ಮುಖಕ್ಕೆ ಮೂಗು ತಂದಿತು. ಕಟ್ಟಿದ್ದ ಆ ಮೂಗು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ವಾಸನೆ ಹತ್ತುತ್ತಿರಲಿಲ್ಲ. ಅದಕ್ಕೆ ತನ್ನವರೂ ಒಂದೇ, ಹೊರಗಿನವರೂ ಒಂದೇ. ಕ್ಷಣ ಹೊತ್ತು ನಿಂತು, ಮರಿಯ ನೆತ್ತಿಯನ್ನು ನೆಕ್ಕತೊಡಗಿತು. ತಮ್ಮ ಬೆರಳನ್ನು ನೆಕ್ಕುತ್ತಿದ್ದ ನಾಲಿಗೆ ಅದೇ, ಅದೇ ಶ್ರದ್ಧೆ. ಇಂದ್ರಮ್ಮ ಸೂಜಿಯನ್ನು ಮಡಿಲ ಮೇಲಿದ್ದ ಸೀರೆಗೆ ಚುಚ್ಚಿಟ್ಟರು.

"ನೋಡಿ ಅತ್ತೆ, ನೀವು ದಿನಾ ಬಟ್ಟೆ ಹಾಸಿದ್ದಕ್ಕೇ ಒಗ್ಗಿಕೊಂಡ್ಬಿಟ್ಳು. ಎಲ್ಲಾ ನಿಮ್ಮ ಕೈಗುಣ," ಎಂದಳು ಮಾನಸ.

"ಅವಳಿಗೆ ಮೊದ್ಲಿಂದ್ಲೂ ಬುದ್ಧಿ ಕಮ್ಮಿ ಕಣೇ."

ಮಾನಸ ನಕ್ಕಳು. "ಹೋಗ್ಲಿ, ಇವತ್ತಿಂದ ಇಬ್ರೂ ನಮ್ಮ ರೂಮಲ್ಲೇ ಮಲಗ್ಲಿ ಬಿಡಿ. ನಿಮಗೂ ಪಾಪ, ಇಷ್ಟು ದಿನ ಸರಿಯಾಗಿ ನಿದ್ದೆ..."

ಇಂದ್ರಮ್ಮ ಮಡಿಲ ಸೀರೆಯನ್ನು ಸರಿಸಿ ಎದ್ದರು. ನೆಕ್ಕುತ್ತಿದ್ದ ಚಿನ್ನಿಯನ್ನು ಬಾಚಿ ಎತ್ತಿ ಹೆಗಲಿಗೆ ಹಾಕಿಕೊಂಡು, ಸೊಸೆಯ ಮಾತು ಇನ್ನೂ ಬಾಯಲ್ಲಿರುವಾಗಲೇ, ತಮ್ಮ ಕೋಣೆಯ ಕಡೆ ನಡೆದುಬಿಟ್ಟರು.