ನೂರು ಬೈಠಕ್ಕಿಗೆ ಒಂದು ರೊಟ್ಟಿ

ಅವರ ಬಲ ಅಂಗೈ ಎಡ ಅಂಗೈಗಿಂತ ಅಗಲವಾಗಿತ್ತು. ಎರಡೂ ಒಬ್ಬರದೇ ಕೈ ಎಂದರೆ ನಂಬುವುದು ಕಷ್ಟ. ವರ್ಷಗಟ್ಟಲೆ ಜೋಳದ ರೊಟ್ಟಿ ತಟ್ಟಿ ತಟ್ಟಿ ಬಲಗೈ ಚಪ್ಪಟೆಯಾಗಿ, ದಡ್ಡುಗಟ್ಟಿ, ಗೆರೆಗಳಲ್ಲೆಲ್ಲ ಹಿಟ್ಟು ಕೂತು ಬೆಳ್ಳಗೆ ಕಾಣುತ್ತಿತ್ತು. ಎಷ್ಟು ತೊಳೆದರೂ ಆ ಬಿಳುಪು ಹೋಗುತ್ತಿರಲಿಲ್ಲ. ಆ ಕೈಯಿಂದ ಬೆನ್ನಿಗೊಂದು ಬಿದ್ದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ನನಗೆ ಎರಡು ಸಲ ಬಿದ್ದಿದೆ, ಎರಡು ಸಲವೂ ತಪ್ಪು ನನ್ನದೇ.

ಶಿರಸಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಖಾನಾವಳಿ. ಬೋರ್ಡು ಗೀರ್ಡು ಏನೂ ಇರಲಿಲ್ಲ. ಬನವಾಸಿ ಕಡೆಯ ಲಿಂಗಾಯತ ಹೆಂಗಸು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಬಂದು ಇಲ್ಲಿ ಒಲೆ ಹೂಡಿದ್ದರು, ಮಕ್ಕಳಿರಲಿಲ್ಲ. ಉಣ್ಣಲು ಬರುವ ಡ್ರೈವರುಗಳಿಗೆ, ಅಡಿಕೆ ಮಂಡಿಯ ಹಮಾಲರಿಗೆ, ಕಚೇರಿಯ ಜವಾನರಿಗೆ ಎಲ್ಲರಿಗೂ ಅವರು ‘ಅವ್ವ’. ನಾನೂ ಹಾಗೇ ಕರೆದೆ. ಹೆಸರು ಕೇಳಬೇಕೆಂದು ಯಾವತ್ತೂ ಹೊಳೆಯಲಿಲ್ಲ.

ನಾನು ಸಿದ್ದಾಪುರ ತಾಲ್ಲೂಕಿನ ನಿಲ್ಕುಂದದ ಕಡೆಯವನು. ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿ ನಾಲ್ಕೈದು ವರ್ಷವಾಗಿದ್ದಿರಬೇಕು. ಫಾರೆಸ್ಟ್ ಗಾರ್ಡ್ ಆಗುತ್ತೇನೆಂದು ನಾನು ಹಟ ಹಿಡಿದಿದ್ದೆ. ಒಂದು ಸಲ ಆಯ್ಕೆಗೆ ಹೋದಾಗ ಟೇಪು ಹಿಡಿದವನು ನನ್ನ ಎದೆ ಸುತ್ತಿ, “ಒಂದೂವರೆ ಇಂಚು ಕಮ್ಮಿ!” ಎಂದು ಸಾಲಿಗೆಲ್ಲ ಕೇಳುವ ಹಾಗೆ ಕೂಗಿದ. ನನ್ನ ಅಪ್ಪನೋ, ಅಷ್ಟರಲ್ಲಾಗಲೇ ‘ಮಗ ಗಾರ್ಡ್ ಆದ’ ಎಂದು ಊರಿಗೆಲ್ಲ ಹೇಳಿ ಮುಗಿಸಿದ್ದ. ಇನ್ನು ಉಳಿದದ್ದು ಒಂದೇ ಸಲ. ಮೂರು ತಿಂಗಳ ಮೇಲೆ ಯಲ್ಲಾಪುರದಲ್ಲಿ ಆಯ್ಕೆ, ಅದೂ ತಪ್ಪಿದರೆ ವಯಸ್ಸು ಮೀರುತ್ತಿತ್ತು. ಎದೆ ಅಳತೆ ಮುಗಿದ ಮೇಲೆ ಹದಿನಾರು ಮೈಲಿ ನಡಿಗೆ ಬೇರೆ.

ಊರಿನಲ್ಲಿದ್ದರೆ ನಗುವವರೇ ಜಾಸ್ತಿ ಎಂದು ಶಿರಸಿಗೆ ಬಂದು ಮಂಡಿಯಲ್ಲಿ ಚೀಲ ಹೊಲಿಯುವ ಕೆಲಸ ಹಿಡಿದೆ. ಖಾನಾವಳಿಯ ಹಿತ್ತಿಲಿಗೆ ತಾಗಿದ ಕೋಣೆ ಸಿಕ್ಕಿತು. ಪೇಟೆಯಲ್ಲಿ ಒಂದು ವ್ಯಾಯಾಮದ ಹಾಳೆ ಕೊಂಡು ಗೋಡೆಗೆ ಅಂಟಿಸಿದೆ. ಮನೆಯಲ್ಲೇ ಮೂರು ತಿಂಗಳು ಮಾಡುವ ಕಸರತ್ತು: ಯಾವ ವಾರ ಎಷ್ಟು ದಂಡ, ಕೂತು ಏಳುವ ಬೈಠಕ್ ಎಷ್ಟು ಎಂದು ಚಿತ್ರ ಸಮೇತ ಇತ್ತು. ಕೆಳಗೆ ಅರ್ಧ ಹಾಳೆ ತುಂಬ ಏನೋ ಬರೆದಿತ್ತು, ಆದರೆ ಎಲ್ಲ ಮರಾಠಿ. ನನಗೆ ಅಂಕಿ ಗೊತ್ತಾಗುತ್ತಿತ್ತು, ಚಿತ್ರ ಕಾಣುತ್ತಿತ್ತು. ಇಷ್ಟು ಸಾಕಲ್ಲ ಎಂದುಕೊಂಡೆ.

ಬೆಳಗ್ಗೆ ಮುನ್ನೂರು, ಮುನ್ನೂರೈವತ್ತು ಬೈಠಕ್, ನೂರು ದಂಡ. ಆಮೇಲೆ ಖಾನಾವಳಿಗೆ ಹೋಗಿ ಎರಡೇ ರೊಟ್ಟಿಗೆ ತಾಟಿನ ಮೇಲೆ ಕೈ ಅಡ್ಡ ಹಿಡಿದು “ಸಾಕು” ಎನ್ನುತ್ತಿದ್ದೆ. ನಮ್ಮ ಕಡೆ ಬೇರೆಯವರ ಮನೆಯಲ್ಲಿ ಉಣ್ಣುವ ರೀತಿಯೇ ಅದು. ಬಡಿಸುವವರು ಮೂರು ಸಲ ಒತ್ತಾಯ ಮಾಡಬೇಕು, ಉಣ್ಣುವವನು ಮೂರು ಸಲ ಬೇಡವೆನ್ನಬೇಕು, ನಾಲ್ಕನೆಯ ಸಲಕ್ಕೆ ಹಾಕಿಸಿಕೊಳ್ಳಬೇಕು. ಹತ್ತಾರು ಜನ ತಾಟು ಹಿಡಿದು ಕೂತ ಖಾನಾವಳಿಯಲ್ಲಿ ಮೂರು ಸಲ ಯಾರು ಕೇಳುತ್ತಾರೆ? ನಾನು ಅರ್ಧ ಹೊಟ್ಟೆಯಲ್ಲೇ ಎದ್ದು ಬರುತ್ತಿದ್ದೆ.

ಮೂರು ವಾರ ಕಳೆಯಿತು. ಎದೆ ಬೆಳೆಯುವುದು ಹಾಗಿರಲಿ, ಇದ್ದ ಕೆನ್ನೆಯೂ ಒಳಗೆ ಹೋಯಿತು. ಒಂದು ದಿನ ಅವ್ವ ರೊಟ್ಟಿ ಕೈಯಲ್ಲಿ ಹಿಡಿದೇ ನನ್ನ ಮುಂದೆ ನಿಂತರು.

“ತಮ್ಮಾ, ಮುಂಜಾನೆ ಹಿತ್ತಲದಾಗ ಧಬಧಬ ಸಪ್ಪಳ ಕೇಳತೈತಿ. ಎಷ್ಟ ಬೈಠಕ್ ಹೊಡೀತಿ?”

“ಒಂದು ನೂರು, ಅಷ್ಟೇ ಅವ್ವ,” ಎಂದೆ. ನಿಜ ಹೇಳಿದರೆ ತಿನ್ನಲು ಕೇಳಿದ ಹಾಗಾಗುತ್ತದಲ್ಲ ಎಂಬ ನಾಚಿಕೆ.

ಮೊದಲನೆಯ ಏಟು ಬಿದ್ದದ್ದು ಆಗ. “ಸುಳ್ಳ! ಒಲೀ ಮುಂದ ಕುಂತು ನಾ ಎಣಸೇನಿ. ಮುನ್ನೂರಾ ಐವತ್ತು. ತಾಟಿನ ಮ್ಯಾಲಿಂದ ಕೈ ತಗಿ. ಮೈ ಬೇಡತೈತಿ, ಮಾರಿ ನಾಚತೈತಿ. ಮೈ ಮಾತ ಕೇಳೋ ಹುಚ್ಚಾ.”

ಪಕ್ಕದಲ್ಲಿ ಕೂತ ಡ್ರೈವರ್ ನಕ್ಕು ನೀರು ನೆತ್ತಿಗೇರಿಸಿಕೊಂಡ. ನಾನು ಕತ್ತು ಬಗ್ಗಿಸಿ ನಾಲ್ಕು ರೊಟ್ಟಿ ತಿಂದೆ.

ಮಾರನೆಯ ದಿನ ಅವ್ವ ಆ ಹಾಳೆ ಕಿತ್ತುಕೊಂಡು ಓಣಿಯ ತುದಿಯ ಮರಾಠಿ ಸಿಂಪಿಗನ ಹತ್ತಿರ ಓದಿಸಿಕೊಂಡು ಬಂದರು. ಕೆಳಗಿನ ಅರ್ಧ ಹಾಳೆ ಪೂರ್ತಿ ಊಟದ್ದೇ ಆಗಿತ್ತು! ಎರಡು ಸೇರು ಹಾಲು, ಬಾದಾಮಿ, ತುಪ್ಪ, ಕೇಸರಿ ಏನೇನೋ. “ಇದು ರಾಜನ ಮಗನಿಗೆ ಬರದದ್ದು ಬಿಡು,” ಎಂದು ಮಡಚಿ ಇಟ್ಟರು. “ನಮ್ಮ ಲೆಕ್ಕ ಇಷ್ಟ. ನೂರು ಬೈಠಕ್ಕಿಗೆ ಒಂದು ರೊಟ್ಟಿ. ಮುಂಜಾನೆ ನೆನಸಿದ ಕಡ್ಲಿ, ಬೆಲ್ಲ. ರಾತ್ರಿ ಮೊಸರನ್ನ. ರೊಟ್ಟಿ ಇಳೀಲಿಲ್ಲಂದ್ರ ಬೈಠಕ್ ಇಳಸು. ಬೈಠಕ್ ಏರಸಬೇಕಂದ್ರ ಮೊದಲ ರೊಟ್ಟಿ ಏರಸು.”

ಅಲ್ಲಿಂದ ಮುಂದೆ ನಾನು ಹೊಸ್ತಿಲು ದಾಟುವ ಮೊದಲೇ “ಇವತ್ತ ಎಷ್ಟ?” ಎಂಬ ಪ್ರಶ್ನೆ ಒಲೆಯ ಕಡೆಯಿಂದ ಬರುತ್ತಿತ್ತು. “ಐನೂರು” ಎಂದರೆ ತಾಟಿಗೆ ಐದು. ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಅದರ ಮೇಲೆ ಒಂದಿಷ್ಟು ಕೆನೆಮೊಸರು. ಅಕ್ಕಿ ತಿಂದು ಬೆಳೆದವನಿಗೆ ಜೋಳ ಮೊದಲು ಗಂಟಲಲ್ಲಿ ಇಳಿಯಲಿಲ್ಲ, ಆಮೇಲೆ ಅದಿಲ್ಲದೆ ಹೊತ್ತು ಹೋಗಲಿಲ್ಲ. ಕೆನ್ನೆ ತುಂಬಿತು. ಸಿಂಪಿಗನ ಟೇಪಿನಲ್ಲಿ ನೋಡಿದರೆ ಎದೆ ಮುಕ್ಕಾಲು ಇಂಚು ಏರಿತ್ತು.

ಆದರೆ ನಾನು ಮಂಕ. ಆಯ್ಕೆಗೆ ನಾಲ್ಕು ವಾರ ಉಳಿದಾಗ ಇನ್ನೂ ಮುಕ್ಕಾಲು ಇಂಚು ಬೇಕಲ್ಲ ಎಂಬ ದಿಗಿಲು ಹತ್ತಿತು. ಮಂಡಿಯಲ್ಲಿ ಯಾರೋ, “ಸೋಮವಾರ ಒಪ್ಪತ್ತು ಹಿಡಿ, ಶಿವ ಕೈಬಿಡೂದಿಲ್ಲ,” ಎಂದರು. ಆ ಕಡೆಯ ಶಿವಭಕ್ತರ ಮನೆಗಳಲ್ಲಿ ಸೋಮವಾರ ಒಂದೇ ಹೊತ್ತಿನ ಊಟ. ನಾನು ಒಂದು ಹೆಜ್ಜೆ ಮುಂದೆ ಹೋಗಿ, ಇಡೀ ದಿನ ಉಪವಾಸ ಎಂದು ಹರಕೆ ಹೊತ್ತೆ. ಹರಕೆ ಜೋರಾಗಲಿ ಎಂದು ಮೊದಲ ಸೋಮವಾರವೇ ಏಳುನೂರು ಬೈಠಕ್ ಹೊಡೆದೆ. ಹಿತ್ತಿಲ ಬಾವಿಯ ಹತ್ತಿರ ಕೊಡ ಎತ್ತಲು ಬಗ್ಗಿದ್ದೊಂದು ನೆನಪು. ಕಣ್ಣು ಬಿಟ್ಟಾಗ ಮುಖವೆಲ್ಲ ನೀರು, ಅವ್ವ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೆನ್ನೆ ತಟ್ಟಿ ತಟ್ಟಿ ಎಬ್ಬಿಸುತ್ತಿದ್ದರು.

“ಏನ ತಿಂದಿ ಮುಂಜಾನೆ? ಖರೇ ಹೇಳು.”

“ಎಂತದೂ ಇಲ್ಲ ಅವ್ವ. ಸೋಮವಾರ ಅಲ್ದಾ... ಹರಕೆ.”

ಎರಡನೆಯ ಏಟು ಅದು. ಹೊಡೆದವರೇ ಅಳಲು ಶುರು ಮಾಡಿದರು. ಆ ಗಟ್ಟಿಗಿತ್ತಿ ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಬಾವಿಕಟ್ಟೆಗೆ ಒರಗಿಸಿ, ಬೆಲ್ಲದ ನೀರು ಕುಡಿಸಿ, ಆಮೇಲೆ ಹೇಳಿದರು.

“ನನ್ನ ಮನಿಯವರು ಪೈಲ್ವಾನರು. ದಿನಾ ಸಾವಿರ ಬೈಠಕ್. ಮದಿವಿ ಆಗಿ ಆರು ವರ್ಸಾದ್ರೂ ನಮಗ ಮಕ್ಕಳಿಲ್ಲ. ನಾ ಸೋಮವಾರ ಹಿಡದೆ. ಅಷ್ಟಕ್ಕ ಸುಮ್ಮನಿರಬೇಕಿತ್ತು. ‘ನೀವೂ ಹಿಡೀರಿ, ಇಬ್ಬರೂ ಹಿಡದ್ರ ಶಿವ ಬ್ಯಾಗ ಕೇಳತಾನ’ ಅಂದೆ. ಅವರು ನನ್ನ ಮಾತು ಮೀರಲಿಲ್ಲ. ಜ್ವರ ಬಂದು ಎದ್ದು ಮೂರು ದಿನಾ ಆಗಿರಲಿಲ್ಲ. ಸೋಮವಾರ, ಖಾಲಿ ಹೊಟ್ಟಿ, ಸಾವಿರಾನೂ ಹೊಡದ್ರು. ಅಂಗಳದಾಗ ಕುಂತವರು ಏಳಲೇ ಇಲ್ಲ. ಡಾಕ್ಟರ್ ಎದೀದು ಏನೋ ಅಂದ್ರು. ಎದೀ ಅಲ್ಲ ತಮ್ಮಾ, ನನ್ನ ಸೋಮವಾರ.”

ಒಂದು ಹೊತ್ತು ಬಿಟ್ಟರೆ ಯಾರೂ ಸಾಯುವುದಿಲ್ಲ, ಜ್ವರವೇ ಎದೆಗೆ ಇಳಿದಿರಬೇಕು ಎಂದು ಈಗಾದರೆ ಹೇಳುತ್ತಿದ್ದೆ. ಹೇಳಿದ್ದರೂ ಅವರು ಒಪ್ಪುತ್ತಿರಲಿಲ್ಲ.

ಅವರ ಖಾನಾವಳಿಯಲ್ಲಿ ಸೋಮವಾರ ಎರಡು ಹೊತ್ತೂ ಒಲೆ ಉರಿಯುವುದು ಯಾಕೆಂದು ನನಗೆ ಗೊತ್ತಾದದ್ದು ಅವತ್ತು. ಓಣಿಯ ಹಿರಿಯರು, “ಹಣಿಗೆ ಈಬತ್ತಿ ಹಚ್ಚಿ ಸೋಮವಾರ ರಾತ್ರಿ ರೊಟ್ಟಿ ಬಡೀತಾಳ,” ಎಂದು ಆಡಿಕೊಳ್ಳುತ್ತಿದ್ದರು. ಅವ್ವ ಕಿವಿಗೆ ಹಾಕಿಕೊಂಡವರಲ್ಲ. “ನನ್ನ ಒಲೀ ಮುಂದ ಯಾರೂ ಸೋಮವಾರ ಹಸದು ಏಳಬಾರದು,” ಎನ್ನುತ್ತಿದ್ದರು. ಉಳಿದ ಸೋಮವಾರಗಳಲ್ಲಿ ನನ್ನ ತಾಟಿಗೆ ಲೆಕ್ಕಕ್ಕಿಂತ ಒಂದು ರೊಟ್ಟಿ ಹೆಚ್ಚೇ ಬೀಳುತ್ತಿತ್ತು. ತಿಂದು ಮುಗಿಸುವವರೆಗೂ ಅವರು ಎದುರಿನಿಂದ ಕದಲುತ್ತಿರಲಿಲ್ಲ.

ಆಯ್ಕೆಯ ದಿನವೂ ಸೋಮವಾರವೇ ಬಿತ್ತು. ನಸುಕಿಗೇ ಎಬ್ಬಿಸಿ, ಎದುರು ಕೂತು, ಬಿಸಿರೊಟ್ಟಿಗೆ ಬೆಣ್ಣೆ ಸವರಿ ಮೂರು ತಿನ್ನಿಸಿದರು. ಎರಡನ್ನು ಬೆಲ್ಲದ ಜೊತೆ ಬಟ್ಟೆಯಲ್ಲಿ ಕಟ್ಟಿಕೊಟ್ಟರು. “ಹೊಟ್ಟಿ ಭಾರ ಆಗೂ ಹಾಂಗ ತಿನಬ್ಯಾಡ. ಅರ್ಧ ದಾರ್ಯಾಗ ಒಂದು, ಮುಗಿಯೂದಕ್ಕ ಮೊದಲ ಒಂದು.” ಯಲ್ಲಾಪುರದಲ್ಲಿ ಟೇಪು ಹಿಡಿದವನು ಈ ಸಲ ಏನೂ ಕೂಗಲಿಲ್ಲ, ಬರೆದುಕೊಂಡು ಮುಂದೆ ಹೋಗು ಎಂದ. ಹದಿನಾರು ಮೈಲಿಯಲ್ಲಿ ಗಟ್ಟಿಮುಟ್ಟಾದವರೇ ರಸ್ತೆ ಪಕ್ಕ ಕೂತರು. ನಾನು ಒಂದು ರೊಟ್ಟಿ ಅರ್ಧ ದಾರಿಯಲ್ಲಿ, ಇನ್ನೊಂದು ಹದಿಮೂರನೆಯ ಮೈಲಿಕಲ್ಲಿನ ಹತ್ತಿರ ತಿಂದು, ನಡೆದು ಮುಗಿಸಿದೆ.

ನೌಕರಿ ಯಲ್ಲಾಪುರದ ಕಾಡಿನಲ್ಲೇ ಆಯಿತು. ಶಿರಸಿಗೆ ಬಂದಾಗಲೆಲ್ಲ ಒಂದು ಬಾಟಲಿ ಜೇನು ಹಿಡಿದು ಅವ್ವನ ಹತ್ತಿರ ಹೋಗುತ್ತಿದ್ದೆ. ನನ್ನ ಖಾಕಿ ಅಂಗಿ ಎದೆಯ ಹತ್ತಿರ ಬಿಗಿಯಾಗಿದೆಯೇ ಎಂದು ಎಳೆದು ನೋಡಿ, “ಇವತ್ತ ಎಷ್ಟ?” ಎಂದೇ ಕೇಳುತ್ತಿದ್ದರು. ಬೈಠಕ್ ಬಿಟ್ಟು ವರ್ಷಗಳಾಗಿದ್ದರೂ ನಾನು “ಐನೂರು” ಎನ್ನುತ್ತಿದ್ದೆ. ಗೊತ್ತಿದ್ದೂ ಐದು ಹಾಕುತ್ತಿದ್ದರು. ಕೊನೆಕೊನೆಗೆ ಅವರು ತೀರ ಸೊರಗಿದ್ದರು. “ಎಂತಕ್ಕೆ ಅವ್ವ ಹೀಗೆ ಇಳಿದು ಹೋಗಿದೀರಿ?” ಎಂದರೆ, “ವಯಸ್ಸಾತು, ಇನ್ನೇನ ಕುಸ್ತಿ ಹಿಡೀಬೇಕೇನು?” ಎಂದು ಮಾತು ತೇಲಿಸಿಬಿಟ್ಟರು.

ಅವರು ಹೋದ ಸುದ್ದಿ ನನಗೆ ತಲುಪಿದ್ದು ಬಸ್ ಡ್ರೈವರ್ ಬಾಯಿಂದ, ಒಂಬತ್ತು ದಿನ ತಡವಾಗಿ. ಓಡಿ ಬಂದೆ. ಖಾನಾವಳಿಯ ಬಾಗಿಲು ಹಾಕಿತ್ತು. ಅವ್ವನ ಜೊತೆ ರೊಟ್ಟಿ ತಟ್ಟಲು ಬರುತ್ತಿದ್ದ ಹೆಂಗಸು ಕಟ್ಟೆಯ ಮೇಲೆ ಕೂತಿದ್ದಳು. ಜೇನಿನ ಬಾಟಲಿ ನೋಡಿ ಅವಳಿಗೂ ಅಳು ಬಂತು.

“ಏನಾಗಿತ್ತು ಅಕ್ಕಾ?”

“ಏನ ಹೇಳ್ಲಿ ತಮ್ಮಾ. ಮೈಯಾಗ ಏನ ಉಳದಿತ್ತು? ಬ್ಯಾನಿ ಬಿದ್ದಾಗೂ ಸೋಮವಾರ ಬಿಡಲಿಲ್ಲ. ‘ಒಂದು ಗುಟುಕು ಗಂಜಿ ಕುಡೀರಿ’ ಅಂದ್ರ ತಾಟಿನ ಮ್ಯಾಲ ಕೈ ಇಡತಿದ್ರು.”

“ಯಾವ ಸೋಮವಾರ? ಅವ್ವ ಅದನ್ನ ಬಿಟ್ಟಿದ್ರಲ್ಲ? ಎರಡು ಹೊತ್ತೂ ಅಡುಗೆ ಮಾಡ್ತಿದ್ರಲ್ಲ?”

ಅವಳು ನನ್ನ ಮುಖ ನೋಡಿದಳು. “ಮಾಡತಿದ್ರು, ನಿಮಗ. ತಾವು ತಿಂತಿದ್ರೇನು? ಗಂಡ ಸತ್ತ ದಿನದಿಂದ ಸೋಮವಾರ ನೀರು ಬಿಟ್ಟು ಒಂದು ತುತ್ತು ಬಾಯಿಗೆ ಹಾಕ್ಕೊಂಡವರಲ್ಲ. ನಾವು ಯಾರೂ ಹಸೀಬಾರದು, ಎಲ್ಲಾರ ಹಸಿವೂ ಅವರೊಬ್ಬರಿಗೇ ಬೇಕಾಗಿತ್ತು.”

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಅವರ ಎದುರು ಕೂತು ಹತ್ತು ಹನ್ನೆರಡು ಸೋಮವಾರ ಉಂಡಿದ್ದೇನೆ. ಆಯ್ಕೆಯ ಬೆಳಗಿನ ಬೆಣ್ಣೆರೊಟ್ಟಿಯನ್ನು ನಾನು ತಿನ್ನುವಾಗ ಅವರು ಹಸಿದು ಕೂತಿದ್ದರು. ಎದುರು ಸಿಕ್ಕವರನ್ನೆಲ್ಲ, ಗುರುತಿಲ್ಲದವರನ್ನೂ, ಊಟ ಆಯ್ತಾ ಎಂದು ಕೇಳುವ ಊರು ನಮ್ಮದು. ನನ್ನ ಮೈಯಲ್ಲಿರುವ ಒಂದೂವರೆ ಇಂಚು ಕೊಟ್ಟವರನ್ನು ನಾನು ಒಂದು ದಿನವೂ ಆ ಮಾತು ಕೇಳಲಿಲ್ಲ.